‘ಸಿಕ್ಕರೂ ಬೇಡ’ ಎನ್ನುವ ಇಂಗ್ಲಿಷ್ ಪದ: ‘ಎಸ್‌ಚೂ’ ಬಳಸುವುದು ಹೇಗೆ?

ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಒಂದು ಸೋಮವಾರ ಜ್ವರ ಬಂದು ಮಲಗಿಬಿಟ್ಟೆ. ಮರುದಿನ ಮ್ಯಾನೇಜರಿಗೆ ಮೇಲ್ ಹಾಕಿದೆ: ‘ಐ ಎಸ್‌ಚೂಡ್ ದ ಮಂಡೇ ಮೀಟಿಂಗ್ ಡ್ಯೂ ಟು ಫೀವರ್.’ ಹಿಂದಿನ ವಾರವಷ್ಟೇ ಇಂಗ್ಲಿಷ್ ಪೇಪರಿನಲ್ಲಿ ಆ ಪದ ಕಣ್ಣಿಗೆ ಬಿದ್ದಿತ್ತು. ಡಿಕ್ಷನರಿ ತೆಗೆದರೆ ‘ಅವಾಯ್ಡ್’ ಎಂದು ಅರ್ಥ ಕೊಟ್ಟಿತ್ತು. ಅಷ್ಟು ಸಾಕಿತ್ತು ನನಗೆ.

ಮಧ್ಯಾಹ್ನ ಊಟದ ಹೊತ್ತಿಗೆ ಮ್ಯಾನೇಜರ್ ಪಕ್ಕದಲ್ಲಿ ಬಂದು ಕೂತರು. ‘ಏನಪ್ಪಾ, ಮೀಟಿಂಗ್ ಮೇಲೆ ಅಷ್ಟೊಂದು ವೈರಾಗ್ಯನಾ?’ ಎಂದರು.

ಆಗ ಅರ್ಥವಾಗಲಿಲ್ಲ. ಈಗ ಆಗಿದೆ. ನಾನು ಹೇಳಬೇಕಿದ್ದದ್ದು ‘ಬರಲಾಗಲಿಲ್ಲ’ ಎಂದು. ಬರೆದದ್ದು ‘ಮೀಟಿಂಗ್ ಎಂಬುದನ್ನೇ ವರ್ಜಿಸಿದ್ದೇನೆ’ ಎಂದು. ಡಿಕ್ಷನರಿ ಸುಳ್ಳು ಹೇಳಿರಲಿಲ್ಲ, ಅರ್ಧ ಹೇಳಿತ್ತು. ಉಳಿದರ್ಧ ಇಲ್ಲಿದೆ.

ಮೊದಲು ಬಾಯಿಗೆ ಬರಲಿ

ಕಾಗುಣಿತ ಸುಲಭ: ಇ, ಎಸ್, ಸಿ, ಎಚ್, ಇ, ಡಬ್ಲ್ಯೂ. ಉಚ್ಚಾರ ‘ಇಸ್-ಚೂ’ ಅಥವಾ ‘ಎಸ್-ಚೂ’. ಒತ್ತು ಬೀಳುವುದು ‘ಚೂ’ ಮೇಲೆ. ಸೀನು ಬಂದಂತೆ ಕೇಳಿಸುತ್ತದೆ, ಪರವಾಗಿಲ್ಲ. ‘ಎಶೂ’ ಎನ್ನುವ ಉಚ್ಚಾರವನ್ನೂ ಕೆಲವು ಡಿಕ್ಷನರಿಗಳು ಕೊಡುತ್ತವೆ. ‘ಸ್ಕೂಲ್’ ನೆನೆಸಿಕೊಂಡು ‘ಎಸ್‌ಕ್ಯೂ’ ಎಂದು ಓದಬೇಡಿ. ಓರೆಯಾಗಿದೆ ಎನ್ನುವುದಕ್ಕೆ ‘ಅಸ್ಕ್ಯೂ’ ಎಂಬ ಬೇರೆಯೇ ಪದ ಇದೆ, ಕೇಳುವವರಿಗೆ ಗೊಂದಲವಾಗುತ್ತದೆ.

ರೂಪಗಳು: ಎಸ್‌ಚೂ, ಎಸ್‌ಚೂಸ್, ಎಸ್‌ಚೂಡ್, ಎಸ್‌ಚೂಯಿಂಗ್. ‘ಎಸ್‌ಚೂಅಲ್’ ಎಂಬ ನಾಮಪದವೂ ಉಂಟು, ಅದರ ಗೊಡವೆ ನಮಗೆ ಬೇಡ.

ಎರಡನೆಯದು: ಒಳಗಿನ ಅರ್ಥ ಹಿಡಿಯಿರಿ

ನನಗೆ ಈ ಪದ ನಿಜವಾಗಿ ಅರ್ಥವಾದದ್ದು ಅಜ್ಜಿಯ ಚಾತುರ್ಮಾಸ್ಯ ನೆನಪಾದಾಗ. ಮಾಧ್ವರ ಮನೆಗಳಲ್ಲಿ ಈ ನಾಲ್ಕು ತಿಂಗಳ ವ್ರತ ಗೊತ್ತಿರುವುದೇ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ಕೊನೆಯದು ದ್ವಿದಳವ್ರತ, ಬೇಳೆಕಾಳಿಲ್ಲ. ದಧಿವ್ರತದ ತಿಂಗಳಲ್ಲೂ ನಮ್ಮ ಮನೆಯಲ್ಲಿ ಮೊಸರು ಹೆಪ್ಪು ಹಾಕುತ್ತಲೇ ಇದ್ದರು. ಅಜ್ಜಿಯೇ ನಮಗೆ ಮೊಸರನ್ನ ಕಲಸಿ ಕೈತುತ್ತು ಕೊಡುತ್ತಿದ್ದಳು. ಆಮೇಲೆ ಕೈ ತೊಳೆದುಕೊಂಡು ತನ್ನ ಎಲೆಗೆ ಬೇರೇನೋ ಬಡಿಸಿಕೊಳ್ಳುತ್ತಿದ್ದಳು. ಮೊಸರೆಂದರೆ ಅವಳಿಗೆ ಪ್ರಾಣ. ಆದರೂ ಬೆರಳಿಗಂಟಿದ್ದನ್ನು ಕೂಡ ನೆಕ್ಕುತ್ತಿರಲಿಲ್ಲ.

ಅದು ‘ಎಸ್‌ಚೂ’. ಇದರೊಳಗೆ ಮೂರು ಸಂಗತಿ ಇವೆ. ವಸ್ತು ಕೈಗೆ ಸಿಗುವಂತಿದೆ. ಬೇಕೆಂದರೆ ತೆಗೆದುಕೊಳ್ಳಬಹುದು, ಬೇರೆಯವರು ತೆಗೆದುಕೊಳ್ಳುತ್ತಲೂ ಇದ್ದಾರೆ. ಆದರೂ ತನ್ನದೇ ಒಂದು ಕಾರಣಕ್ಕೆ, ನಂಬಿಕೆಯೋ ನಿಯಮವೋ ರುಚಿಯೋ, ತಾನಾಗಿ ಬೇಡ ಎನ್ನುವುದು.

ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಪದ ಕೂರುವುದಿಲ್ಲ. ಮನೆಯಲ್ಲಿ ಮೊಸರೇ ಇಲ್ಲದೆ ಊಟ ಮುಗಿಸಿದರೆ ಅದು ‘ಎಸ್‌ಚೂ’ ಅಲ್ಲ. ಮೊಸರು ತಿಂದರೆ ಮೈಯೆಲ್ಲ ದದ್ದು ಏಳುತ್ತದೆ ಎಂದು ಬಿಟ್ಟರೂ ಅಲ್ಲ, ಅದಕ್ಕೆ ‘ಅವಾಯ್ಡ್’ ಸಾಕು. ನನ್ನ ಜ್ವರದ ಮೀಟಿಂಗ್‌ನಲ್ಲಂತೂ ಆಯ್ಕೆ ಎಂಬುದೇ ಇರಲಿಲ್ಲ. ಅಲ್ಲಿಗೆ ‘ಮಿಸ್ಡ್’ ಬೇಕಿತ್ತು.

ಸಾಮಾನ್ಯವಾಗಿ ಇದು ರೂಢಿಗೆ, ದಿನನಿತ್ಯದ ನಡತೆಗೆ ಹೇಳುವ ಪದ. ಒಂದೇ ಸಲದ ಕೆಲಸಕ್ಕೂ ಬರುತ್ತದೆ, ಆದರೆ ಎರಡು ದಾರಿ ಕಣ್ಣೆದುರು ಇರಬೇಕು. ‘ಎಸ್‌ಚೂಯಿಂಗ್ ದ ಲಿಫ್ಟ್, ಶಿ ಟುಕ್ ದ ಸ್ಟೇರ್ಸ್’ ಎಂದರೆ ಸರಿ. ಲಿಫ್ಟ್ ಕೆಲಸ ಮಾಡುತ್ತಿದೆ, ಬಾಗಿಲೂ ತೆರೆದಿದೆ, ಅವಳು ಮೆಟ್ಟಿಲು ಹತ್ತಿದಳು. ಲಿಫ್ಟ್ ಕೆಟ್ಟಿದ್ದರೆ ಈ ವಾಕ್ಯ ಸುಳ್ಳು.

ಮೂರನೆಯದು: ‘ಅನ್ನು’ ಮತ್ತು ‘ಇಂದ’

ನಾವು ಕನ್ನಡಿಗರು ಜಾಸ್ತಿ ಎಡವುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

‘ಎಸ್‌ಚೂ ಫ್ರಮ್ ವಯಲೆನ್ಸ್’ ಎಂದು ಬರೆಯುವವರನ್ನು ಎಷ್ಟೋ ಕಡೆ ನೋಡಿದ್ದೇನೆ. ತಪ್ಪು. ಈ ಪದಕ್ಕೆ ‘ಫ್ರಮ್’ ಬೇಡ. ‘ಎಸ್‌ಚೂ ವಯಲೆನ್ಸ್’, ಅಷ್ಟೇ. ಹಾಗಾದರೆ ‘ಫ್ರಮ್’ ಎಲ್ಲಿಂದ ಬರುತ್ತದೆ? ನಮ್ಮ ತಲೆಯಲ್ಲಿ ಓಡುವ ಕನ್ನಡದಿಂದ. ‘ಹಿಂಸೆಯಿಂದ ದೂರವಿರು’ ಎಂದು ಯೋಚಿಸುತ್ತೇವೆ. ಆ ‘ಇಂದ’ ಬಂದು ‘ಫ್ರಮ್’ ಆಗಿ ಕೂರುತ್ತದೆ.

ಉಪಾಯ ಕನ್ನಡದಲ್ಲೇ ಇದೆ. ‘ದೂರವಿರು’ ಎಂದು ಯೋಚಿಸಬೇಡಿ, ‘ವರ್ಜಿಸು’ ಎಂದು ಯೋಚಿಸಿ. ‘ಹಿಂಸೆಯನ್ನು ವರ್ಜಿಸು.’ ಈಗ ‘ಇಂದ’ ಹೋಯಿತು, ‘ಅನ್ನು’ ಬಂತು. ‘ಅನ್ನು’ ಬಂದರೆ ಇಂಗ್ಲಿಷಿನಲ್ಲಿ ನೇರವಾಗಿ ನಾಮಪದ ಇಡಿ. ‘ಇಂದ’ ಬಂದರೆ ‘ಅಬ್‌ಸ್ಟೇನ್ ಫ್ರಮ್’, ‘ರಿಫ್ರೇನ್ ಫ್ರಮ್’, ‘ಸ್ಟೇ ಅವೇ ಫ್ರಮ್’ ಇವುಗಳಲ್ಲಿ ಒಂದನ್ನು ಬಳಸಿ. ಇಂಗ್ಲಿಷ್ ವ್ಯಾಕರಣ ಪುಸ್ತಕ ತೆರೆಯಬೇಕಾಗಿಲ್ಲ, ವಿಭಕ್ತಿಯೇ ದಾರಿ ತೋರಿಸುತ್ತದೆ.

ಇದೇ ಉಪಾಯ ಇನ್ನೊಂದು ತಪ್ಪನ್ನೂ ಹಿಡಿಯುತ್ತದೆ. ‘ಎಸ್‌ಚೂ ಟು ಈಟ್ ಆನಿಯನ್ಸ್’ ಎಂದು ಬರೆಯುವಂತಿಲ್ಲ. ಈರುಳ್ಳಿ ತಿನ್ನುವುದನ್ನು ಬಿಡುವುದೇನು, ಈರುಳ್ಳಿಯನ್ನೇ ವರ್ಜಿಸಿ: ‘ಎಸ್‌ಚೂ ಆನಿಯನ್ಸ್’. ‘ಎಸ್‌ಚೂ ಈಟಿಂಗ್’ ಎಂದರೆ ವ್ಯಾಕರಣ ತಪ್ಪಾಗುವುದಿಲ್ಲ, ಆದರೆ ವಾಕ್ಯ ಸುಮ್ನೆ ಉದ್ದವಾಗುತ್ತದೆ.

‘ಐ ಆಮ್ ಎಸ್‌ಚೂಯಿಂಗ್ ಶುಗರ್’ ಕೂಡ ನಮ್ಮ ಕಡೆಯದೇ ಅಭ್ಯಾಸ. ‘ಬಿಡ್ತಾ ಇದೀನಿ’ ಎನ್ನುವುದರ ನೆರಳು. ರೂಢಿಯ ಮಾತಾದ್ದರಿಂದ ‘ಐ ಎಸ್‌ಚೂ ಶುಗರ್’ ಎಂದರೆ ಸರಿಯಾಗಿ ಕೇಳಿಸುತ್ತದೆ. ಆದರೆ ಪಕ್ಕದ ಮನೆ ಆಂಟಿ ಕಾಫಿ ಕೊಡುವಾಗ ಹೀಗೆ ಹೇಳಬೇಡಿ. ‘ನೋ ಶುಗರ್ ಪ್ಲೀಸ್’ ಎಂದರೆ ಸಾಕು, ಕಾಫಿ ಬೇಗ ಬರುತ್ತದೆ.

ನಾಲ್ಕನೆಯದು: ಇದರ ಮುಂದೆ ಏನು ಇಡಬಹುದು?

ಇದಕ್ಕೂ ಕನ್ನಡದ ಒರೆಗಲ್ಲೇ ಇದೆ. ನೀವು ಹೇಳಬೇಕಾದದ್ದನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ಅಲ್ಲಿ ‘ತಪ್ಪಿಸು’, ‘ತಪ್ಪಿಸಿಕೊಳ್ಳು’ ಬಂದರೆ ‘ಎಸ್‌ಚೂ’ ಬೇಡವೇ ಬೇಡ. ‘ವರ್ಜಿಸು’, ‘ಮುಟ್ಟದಿರು’, ‘ಗೊಡವೆಗೆ ಹೋಗದಿರು’ ಬಂದರೆ ಧಾರಾಳವಾಗಿ ಬಳಸಿ.

ರಸ್ತೆಗುಂಡಿ ತಪ್ಪಿಸುತ್ತೇವೆ, ವರ್ಜಿಸುವುದಿಲ್ಲ. ಬೆಂಗಳೂರಿನಲ್ಲಿ ಗಾಡಿ ಓಡಿಸುವವರು ಯಾರೂ ‘ಗುಂಡಿಯಲ್ಲಿ ಬೀಳಬಹುದಿತ್ತು, ಆದರೆ ತತ್ವಕ್ಕಾಗಿ ಬೀಳಲಿಲ್ಲ’ ಎನ್ನುವುದಿಲ್ಲ, ಅಲ್ವಾ? ಹಾಗಾಗಿ ಗುಂಡಿ, ಅಪಘಾತ, ಟ್ರಾಫಿಕ್, ಮಳೆ, ಕಾಯಿಲೆ ಎಲ್ಲವೂ ‘ಅವಾಯ್ಡ್’ ಪಾಲಿಗೆ. ಆಸೆ ಹುಟ್ಟಿಸದ ವಸ್ತುವನ್ನು ವರ್ಜಿಸುವುದರಲ್ಲಿ ಏನಿದೆ?

ತೆರಿಗೆ ವಿಷಯದಲ್ಲಿ ಹುಷಾರು. ಕಾನೂನಿನ ಒಳಗೇ ಇದ್ದು ತೆರಿಗೆ ಕಡಿಮೆ ಮಾಡಿಕೊಂಡರೆ ‘ಟ್ಯಾಕ್ಸ್ ಅವಾಯ್ಡೆನ್ಸ್’. ಕದ್ದು ಮುಚ್ಚಿದರೆ ‘ಟ್ಯಾಕ್ಸ್ ಇವೇಶನ್’, ಅದು ಅಪರಾಧ. ಎರಡೂ ತಪ್ಪಿಸುವ ಕೆಲಸಗಳೇ. ‘ಎಸ್‌ಚೂ’ ಎರಡಕ್ಕೂ ಸಲ್ಲದು.

ಜವಾಬ್ದಾರಿಯೂ ಹಾಗೆಯೇ. ‘ಹಿ ಎಸ್‌ಚೂಡ್ ಹಿಸ್ ರೆಸ್ಪಾನ್ಸಿಬಿಲಿಟಿ’ ಎಂದು ಬೈಯಲು ಹೊರಟರೆ ಬೈಗುಳದ ಮೊನೆ ಮುರಿಯುತ್ತದೆ. ಈ ಪದದಲ್ಲಿ ಒಂದು ಸಂಯಮದ ವಾಸನೆ ಇದೆ. ಜವಾಬ್ದಾರಿಯಿಂದ ನುಣುಚಿಕೊಂಡವನಿಗೆ ‘ಶರ್ಕ್ಡ್’ ಸರಿಯಾದ ಪದ.

ಮನುಷ್ಯರ ಮುಂದೆಯೂ ಇದನ್ನು ಇಡಬೇಡಿ. ‘ಅವನು ನನ್ನನ್ನು ಅವಾಯ್ಡ್ ಮಾಡ್ತಿದಾನೆ’ ಎಂದು ಕನ್ನಡದಲ್ಲೇ ಹೇಳುತ್ತೇವಲ್ಲ, ಇಂಗ್ಲಿಷಿನಲ್ಲೂ ಅದೇ ‘ಅವಾಯ್ಡ್’ ಇರಲಿ. ಊರೇ ಸೇರಿ ಒಬ್ಬನನ್ನು ದೂರವಿಟ್ಟರೆ, ಬಹಿಷ್ಕಾರದ ಹಾಗೆ, ಅದು ‘ಶನ್’.

ಮತ್ತೆ ಯಾವುದು ಒಪ್ಪುತ್ತದೆ? ಹಿಂಸೆ, ಆಡಂಬರ, ದುಂದು, ಮದ್ಯ, ಮಾಂಸ, ಪ್ರಚಾರ, ಪದವಿ, ಅಲಂಕಾರ, ಕಷ್ಟದ ಭಾಷೆ, ಸೋಷಿಯಲ್ ಮೀಡಿಯಾ. ಜೈನರು ಗೆಡ್ಡೆಗೆಣಸು ತಿನ್ನದಿರುವುದಕ್ಕೆ ಹೇಳಿ ಮಾಡಿಸಿದ ಪದ ಇದು. ‘ಮೆನಿ ಜೈನ್ಸ್ ಎಸ್‌ಚೂ ರೂಟ್ ವೆಜಿಟೆಬಲ್ಸ್.’ ಆಲೂಗಡ್ಡೆ ಮಾರುಕಟ್ಟೆಯಲ್ಲಿದೆ, ಕೊಳ್ಳಲು ದುಡ್ಡೂ ಇದೆ, ಅಹಿಂಸೆಯ ಕಾರಣಕ್ಕೆ ಬೇಡ. ಮೂರೂ ಸಂಗತಿ ಒಂದೇ ವಾಕ್ಯದಲ್ಲಿ.

ಬಿಟ್ಟದ್ದರ ಜಾಗಕ್ಕೆ ಬೇರೊಂದು ಬಂದಿದ್ದರೆ ‘ಇನ್ ಫೇವರ್ ಆಫ್’ ಸೇರಿಸಿ. 1921ರ ಸೆಪ್ಟೆಂಬರ್‌ನಲ್ಲಿ ಮದುರೆಯಲ್ಲಿ ಗಾಂಧೀಜಿ ಅಂಗಿ ಬಿಟ್ಟು ತುಂಡುಪಂಚೆಗೆ ಬಂದರು. ಇದನ್ನು ‘ಗಾಂಧಿ ಎಸ್‌ಚೂಡ್ ದ ಶರ್ಟ್ ಇನ್ ಫೇವರ್ ಆಫ್ ಅ ಲಾಯಿನ್‌ಕ್ಲಾತ್’ ಎಂದು ಬರೆಯಬಹುದು. ಬಿಟ್ಟದ್ದು ಮೊದಲು, ಹಿಡಿದದ್ದು ಆಮೇಲೆ. ತಿರುಗಿಸಿದರೆ ಅರ್ಥವೂ ತಿರುಗುತ್ತದೆ.

ಐದನೆಯದು: ದಾಯಾದಿಗಳನ್ನು ಗುರುತು ಹಿಡಿಯಿರಿ

‘ರಿನೌನ್ಸ್’ ಜೊತೆ ಗೊಂದಲ ಜಾಸ್ತಿ. ಬಾಹುಬಲಿಯ ಕತೆ ನೆನಪಿಸಿಕೊಳ್ಳಿ. ಅಣ್ಣನ ಮೇಲೆ ಗೆದ್ದ, ರಾಜ್ಯ ಕೈಗೆ ಬಂತು, ಆಮೇಲೆ ಬಿಟ್ಟು ನಡೆದ. ಅದು ತ್ಯಾಗ, ‘ರಿನೌನ್ಸ್’. ಕೈಯಲ್ಲಿದ್ದದ್ದನ್ನು ಬಿಡುವುದು. ಶ್ರವಣಬೆಳಗೊಳಕ್ಕೆ ಹೋಗಿ ಆ ಮೂರ್ತಿಯ ಕೆಳಗೆ ನಿಂತವರಿಗೆ ‘ತ್ಯಜಿಸು’ ಮತ್ತು ‘ವರ್ಜಿಸು’ ಬೇರೆ ಬೇರೆ ಎಂದು ವಿವರಿಸಬೇಕಾಗಿಲ್ಲ. ವರ್ಜಿಸಲು ವಸ್ತು ನಮ್ಮದಾಗಿರಲೇಬೇಕು ಎಂದೇನಿಲ್ಲ. ಪಂಚಾಂಗದಲ್ಲಿ ‘ವರ್ಜ್ಯ’ ಎಂದು ಹಾಕಿರುತ್ತಾರಲ್ಲ, ಆ ಹೊತ್ತು ಯಾರ ಸ್ವತ್ತೂ ಅಲ್ಲ, ಅದರಲ್ಲಿ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ ಅಷ್ಟೇ.

‘ಅಬ್‌ಜೂರ್’ ಇನ್ನೂ ಭಾರದ್ದು. ಲ್ಯಾಟಿನ್ ಮೂಲದಲ್ಲೇ ಆಣೆ ಮಾಡು ಎಂಬ ಅರ್ಥ ಇದೆ, ಆಣೆಯಿಟ್ಟು ಬಿಡುವುದು. ಅದು ನಮ್ಮ ಸಂವಿಧಾನದಲ್ಲೇ ಇದೆ. 1976ರ 42ನೇ ತಿದ್ದುಪಡಿಯಲ್ಲಿ ಮೂಲಭೂತ ಕರ್ತವ್ಯಗಳು ಸೇರಿದವು. 51ಎ ವಿಧಿಯಲ್ಲಿ ಸಾರ್ವಜನಿಕ ಆಸ್ತಿಯನ್ನು ಕಾಪಾಡಿ, ಹಿಂಸೆಯನ್ನು ‘ಅಬ್‌ಜೂರ್’ ಮಾಡುವುದು ಪ್ರತಿ ನಾಗರಿಕನ ಕರ್ತವ್ಯ ಎಂದಿದೆ. ಪೇಪರಿನವರು ಬರೆಯುವಾಗ ಹೆಚ್ಚಾಗಿ ‘ಎಸ್‌ಚೂ ವಯಲೆನ್ಸ್’ ಎನ್ನುತ್ತಾರೆ. ಎರಡೂ ಸರಿ. ಕೆಎಎಸ್, ಯುಪಿಎಸ್‌ಸಿ ಬರೆಯುವವರು ವಿಧಿಯನ್ನು ಅದರ ಮಾತಲ್ಲೇ ಬರೆಯಬೇಕಾದಾಗ ಮಾತ್ರ ‘ಅಬ್‌ಜೂರ್’ ಎಂದೇ ಬರೆಯಿರಿ.

ಉಳಿದವು ಬೇಗ ಮುಗಿಯುತ್ತವೆ. ‘ರಿಫ್ರೇನ್’ ಎಂದರೆ ಈಗ ಮಾಡಹೊರಟ ಕೆಲಸಕ್ಕೆ ತಡೆ ಹಾಕಿಕೊಳ್ಳುವುದು. ‘ಅಬ್‌ಸ್ಟೇನ್’ ಹೆಚ್ಚಾಗಿ ಕುಡಿತಕ್ಕೆ, ಉಪವಾಸಕ್ಕೆ, ಮತದಾನಕ್ಕೆ. ‘ಫೋರ್‌ಗೋ’ ಎಂದರೆ ಬರಬೇಕಾದದ್ದನ್ನು ಬಿಟ್ಟುಕೊಡುವುದು: ಸಂಬಳ, ರಜೆ, ಊಟ.

ನಡುವೆ ಸ್ವಲ್ಪ ಹಳೆಯ ಕತೆ

ಓದಿ ಬಿಡಬಹುದು, ಆದರೆ ನನಗೆ ಇಷ್ಟವಾದ ಭಾಗ. ಈ ಪದ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು, ಫ್ರೆಂಚಿಗೆ ಜರ್ಮನ್ ಕುಲದ ಭಾಷೆಯಿಂದ. ಬೇರು ಹುಡುಕಿದರೆ ‘ಶೈ’ ಎಂಬ ಪದದ ನೆಂಟ. ನಾಚಿಕೆಯ ‘ಶೈ’ ಮಾತ್ರವಲ್ಲ, ಕುದುರೆ ಬೆದರಿ ಪಕ್ಕಕ್ಕೆ ಸರಿಯುತ್ತದಲ್ಲ, ಅದಕ್ಕೂ ಇಂಗ್ಲಿಷಿನಲ್ಲಿ ‘ಶೈ’ ಎನ್ನುತ್ತಾರೆ. ಅಂದರೆ ಮೂಲದಲ್ಲಿ ಬೆದರುವಿಕೆ ಇತ್ತು. ಈಗ ಅದು ಕಳಚಿಹೋಗಿ ಬರೀ ನಿರ್ಧಾರ ಉಳಿದಿದೆ.

1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಯೋಬನ ಪರಿಚಯ ಮಾಡಿಕೊಡುವಾಗಲೇ ಈ ಪದ ಬರುತ್ತದೆ: ದೇವರಿಗೆ ಹೆದರಿ ಕೆಡುಕನ್ನು ‘ಎಸ್‌ಚೂ’ ಮಾಡಿದವನು ಎಂದು. ಇವತ್ತಿಗೂ ಈ ಪದಕ್ಕೆ ಒಂದು ಗುಡಿ-ಚರ್ಚಿನ ಗಾಂಭೀರ್ಯ ಇರುವುದಕ್ಕೆ ಅದೂ ಕಾರಣವಿರಬಹುದು. ಮಾರ್ಕ್ ಟ್ವೇನ್ ಆ ಗಾಂಭೀರ್ಯವನ್ನೇ ತಮಾಷೆಗೆ ಬಳಸಿಕೊಂಡ. 1895ರ ಒಂದು ಲೇಖನದಲ್ಲಿ ಬರಹಗಾರರಿಗೆ ನಿಯಮ ಹಾಕುತ್ತಾ, ಹೆಚ್ಚುವರಿ ಮಾತು ಬೇಡ ಎನ್ನಲು ‘ಎಸ್‌ಚೂ ಸರ್‌ಪ್ಲಸೇಜ್’ ಎಂದ. ಎರಡೇ ಪದ, ಎರಡೂ ಘನವಾದವು. ಅದೇ ಪಟ್ಟಿಯಲ್ಲಿ ಎರಡು ನಿಯಮ ದಾಟಿದರೆ ‘ಅವಾಯ್ಡ್’ ಎಂಬ ಸಾದಾ ಪದ ಇದೆ. ಎಲ್ಲಿ ಯಾವುದು ಎಂದು ಅವನಿಗೆ ಗೊತ್ತಿತ್ತು.

ಆರನೆಯದು: ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಸಂಪಾದಕರಿಗೆ ಪತ್ರ, ಪ್ರಬಂಧ, ಪುಸ್ತಕ ವಿಮರ್ಶೆ, ವ್ಯಕ್ತಿ ಪರಿಚಯ, ಭಾಷಣದ ಕರಡು: ಇಲ್ಲೆಲ್ಲ ಚೆನ್ನಾಗಿ ಕೂರುತ್ತದೆ. ಐಇಎಲ್‌ಟಿಎಸ್ ಪ್ರಬಂಧದಲ್ಲಿ ಒಂದು ಸಲ ಸರಿಯಾಗಿ ಬಂದರೆ ಒಳ್ಳೆಯದೇ. ಎರಡನೇ ಸಲ ಬಂದರೆ ಬಾಯಿಪಾಠ ಮಾಡಿದ್ದು ಎಂದು ಗೊತ್ತಾಗಿಬಿಡುತ್ತದೆ. ಒಂದು ಬರಹಕ್ಕೆ ಒಂದೇ ‘ಎಸ್‌ಚೂ’, ಇದು ನಾನು ನನಗೇ ಹಾಕಿಕೊಂಡ ನಿಯಮ.

ಆಫೀಸ್ ಮೇಲ್‌ನಲ್ಲಿ ಬಹುತೇಕ ಬೇಡ. ವಾಟ್ಸಾಪ್‌ನಲ್ಲಿ ತಮಾಷೆಗೆ ಬಿಟ್ಟರೆ ಬೇಡ. ನೋಟಿಸ್ ಬೋರ್ಡಿನಲ್ಲಿ ಖಂಡಿತ ಬೇಡ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಮ್ಮೆ ‘ಕೈಂಡ್ಲಿ ಎಸ್‌ಚೂ ಪ್ಲಾಸ್ಟಿಕ್ ಕವರ್ಸ್’ ಎಂದು ಅಂಟಿಸಿದ್ದರು. ಸೆಕ್ಯುರಿಟಿಯವರು ನನ್ನನ್ನು ಕರೆದು ‘ಸಾರ್, ಇದು ಕವರ್ ತರಬಹುದು ಅಂತಲೋ, ತರಬಾರದು ಅಂತಲೋ?’ ಎಂದು ಕೇಳಿದರು. ನೋಟಿಸಿನ ಕೆಲಸ ಅಲ್ಲಿಗೆ ಕೆಟ್ಟಿತು. ಅದೂ ಅಲ್ಲದೆ, ಸ್ವಂತ ಮನಸ್ಸಿನಿಂದ ಬಿಡುವುದಕ್ಕೆ ಈ ಪದ. ಇನ್ನೊಬ್ಬರಿಗೆ ಅಪ್ಪಣೆ ಕೊಡಲು ‘ಡೋಂಟ್ ಯೂಸ್’ ಇದೆಯಲ್ಲ.

ರೆಸ್ಯೂಮೆಯ ಜೊತೆ ಹೋಗುವ ಕವರ್ ಲೆಟರಿನಲ್ಲಿ ‘ಐ ಎಸ್‌ಚೂ ಶಾರ್ಟ್‌ಕಟ್ಸ್’ ಎಂದು ಬರೆದುಕೊಳ್ಳುವವರಿದ್ದಾರೆ. ತನ್ನ ಬಗ್ಗೆ ತಾನೇ ಹೇಳಿಕೊಂಡಾಗ ಇದು ಸ್ವಲ್ಪ ಮಡಿವಂತಿಕೆಯಂತೆ ಕೇಳಿಸುತ್ತದೆ. ಬೇರೆಯವರ ಬಗ್ಗೆ ಹೇಳುವಾಗಲೇ ಚೆಂದ.

ಏಳನೆಯದು: ಒಂದು ಕರಡು ತಿದ್ದೋಣ

ಅದ್ದೂರಿ ಮದುವೆಗಳ ಬಗ್ಗೆ ಸಂಪಾದಕರಿಗೆ ಪತ್ರ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಮೊದಲ ಕರಡು ಹೀಗಿದೆ:

‘ವಿ ಮಸ್ಟ್ ಎಸ್‌ಚೂ ಫ್ರಮ್ ವೇಸ್ಟಿಂಗ್ ಫುಡ್. ಗೆಸ್ಟ್ಸ್ ಶುಡ್ ಎಸ್‌ಚೂ ಟ್ರಾಫಿಕ್ ಬೈ ಕಮಿಂಗ್ ಅರ್ಲಿ. ಕಪಲ್ಸ್ ಹೂ ಚೂಸ್ ಮಂತ್ರ ಮಾಂಗಲ್ಯ ಆರ್ ಎಸ್‌ಚೂಯಿಂಗ್ ಡೌರಿ ಅಂಡ್ ಪಾಂಪ್.’

ಮೊದಲ ವಾಕ್ಯ. ‘ಫ್ರಮ್’ ಹೋಗಬೇಕು, ಅದು ಗೊತ್ತೇ ಇದೆ. ಅನ್ನ ಚೆಲ್ಲುವುದು ಯಾರೂ ಆಸೆಪಡುವ ವಸ್ತುವಲ್ಲ, ನಿಲ್ಲಿಸಬೇಕಾದ ಕೆಟ್ಟ ಚಾಳಿ. ‘ವಿ ಮಸ್ಟ್ ಸ್ಟಾಪ್ ವೇಸ್ಟಿಂಗ್ ಫುಡ್’ ಎಂದರೆ ನೇರ, ಖಾರ. ಎರಡನೆಯದರಲ್ಲಿ ಟ್ರಾಫಿಕ್ ಇದೆ, ತಪ್ಪಿಸುವಂಥದ್ದು. ‘ಅವಾಯ್ಡ್’ ಹಾಕಿ. ನಿಜ ಹೇಳಬೇಕೆಂದರೆ ಈ ಪತ್ರಕ್ಕೆ ಆ ವಾಕ್ಯವೇ ಬೇಡ, ಹೊಡೆದುಹಾಕಿ.

ಮೂರನೆಯದು ಚಿನ್ನ. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದಲ್ಲಿ ಮದುವೆಯಾಗುವವರು ವರದಕ್ಷಿಣೆ, ಆಡಂಬರ ಬೇಡ ಎಂದು ತಾವಾಗಿಯೇ ನಿರ್ಧರಿಸಿದವರು. ಸುತ್ತಲಿನವರು ಅದ್ದೂರಿಯಾಗಿ ಮಾಡುತ್ತಿರುವಾಗಲೇ ಬೇಡ ಎಂದವರು. ಪದ ಇಲ್ಲಿಗೇ ಬೇಕು. ಆದರೆ ‘ಆರ್’, ‘ಯಿಂಗ್’ ತೆಗೆಯಿರಿ. ಆಗ ‘ಕಪಲ್ಸ್ ಹೂ ಚೂಸ್ ಮಂತ್ರ ಮಾಂಗಲ್ಯ ಎಸ್‌ಚೂ ಡೌರಿ ಅಂಡ್ ಪಾಂಪ್’ ಎಂದಾಗುತ್ತದೆ. ಜೋರಾಗಿ ಓದಿ ನೋಡಿ. ‘ಹೂ’, ‘ಚೂಸ್’, ‘ಎಸ್‌ಚೂ’: ಮದುವೆ ಮನೆಯಲ್ಲಿ ಎಲ್ಲರಿಗೂ ನೆಗಡಿ ಹಿಡಿದಂತಿದೆ. ‘ಚೂಸ್’ ಬದಲು ‘ಪ್ರಿಫರ್’ ಹಾಕಿದರೆ ಮುಗಿಯಿತು. ‘ಕಪಲ್ಸ್ ಹೂ ಪ್ರಿಫರ್ ಮಂತ್ರ ಮಾಂಗಲ್ಯ ಎಸ್‌ಚೂ ಡೌರಿ ಅಂಡ್ ಪಾಂಪ್.’

ಕೊನೆಗೆ, ನೀವೇ ಮಾಡಿ ನೋಡಿ

ಐದು ವಾಕ್ಯ ಕೊಡುತ್ತೇನೆ. ಉತ್ತರ ಕೆಳಗಿದೆ, ಮೊದಲೇ ನೋಡಬೇಡಿ.

1. ಆ ನಟ ಸಂದರ್ಶನ, ಪ್ರಚಾರಗಳ ಗೊಡವೆಗೇ ಹೋಗುವುದಿಲ್ಲ.
2. ಸಾಲಗಾರರ ಕಣ್ಣು ತಪ್ಪಿಸಿ ಓಡಾಡುತ್ತಿದ್ದಾನೆ.
3. ಡಾಕ್ಟರು ಹೇಳಿದ್ದಾರೆಂದು ಅಪ್ಪ ಉಪ್ಪು ಕಡಿಮೆ ಮಾಡಿದ್ದಾರೆ.
4. ಆ ಕವಿ ಕಷ್ಟದ ಪದಗಳನ್ನು ಬಿಟ್ಟು ಆಡುಮಾತು ಹಿಡಿದರು.
5. ದೇವಸ್ಥಾನದ ಒಳಗೆ ಫೋಟೊ ತೆಗೆಯಬೇಡಿ.

ಒಂದಕ್ಕೆ ‘ಎಸ್‌ಚೂ’ ಸರಿ. ಎರಡಕ್ಕೆ ಇಲ್ಲ, ‘ತಪ್ಪಿಸಿ’ ಎಂಬ ಮಾತೇ ಹೇಳುತ್ತಿದೆ. ನಾಲ್ಕಕ್ಕೆ ‘ಇನ್ ಫೇವರ್ ಆಫ್’ ಸಮೇತ ಬರೆಯಿರಿ. ಐದಕ್ಕೆ ಬೇಡ, ಅದು ಅಪ್ಪಣೆ. ಮೂರನೆಯದಕ್ಕೂ ಬೇಡ: ಅಪ್ಪ ಉಪ್ಪನ್ನು ಕಡಿಮೆ ಮಾಡಿದ್ದಾರೆ, ಬಿಟ್ಟಿಲ್ಲ, ಅದೂ ಡಾಕ್ಟರ ಮಾತಿಗೆ. ‘ಹಿ ಹ್ಯಾಸ್ ಕಟ್ ಡೌನ್ ಆನ್ ಸಾಲ್ಟ್’ ಎಂದು ಬರೆಯಿರಿ. ಅಮ್ಮ ಆ ಕಡೆ ತಿರುಗಿದಾಗ ಉಪ್ಪಿನಕಾಯಿ ಭರಣಿಗೆ ಕೈ ಹಾಕುವವರ ಬಗ್ಗೆ ‘ಎಸ್‌ಚೂ’ ಎಂದು ಬರೆಯಲು ನನಗಂತೂ ಕೈ ಬರುವುದಿಲ್ಲ.